ಎರಡು ಮಕ್ಕಳ ಸೀಟು ಕಾರಲ್ಲಿ ಹೇಗೆ ಕೂರಿಸ್ಬೇಕು, ದಯವಿಟ್ಟು ತೋರಿಸಿಕೊಡಿ

ಮಾನ್ಯ ಸಂಪಾದಕರೇ,

ನಮಗೆ ಇಬ್ಬರು ಮಕ್ಕಳು, ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು ತಿಂಗಳು. ಇರೋದು ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರು. ನನ್ನ ತವರು ಬೆಂಗಳೂರು, ಹಾಗಾಗಿ ದಾವಣಗೆರೆಯಿಂದ ತಿಂಗಳಿಗೊಂದು ಸಲನಾದ್ರೂ ಹೋಗಿ ಬರ್ತೀವಿ. ಮಗ ಹುಟ್ಟಿದ ಮೇಲೆ ಇಬ್ಬರಿಗೂ ಚೈಲ್ಡ್ ಸೀಟ್ ತಗೊಂಡ್ವಿ, ಅಂಗಡಿ ಹುಡುಗನೇ ಬಂದು ಕೂರಿಸಿಕೊಟ್ಟ, ಇನ್ನೇನು ಚಿಂತೆ ಇಲ್ಲ ಅಂದ್ಕೊಂಡಿದ್ವಿ. ಹೋದ ತಿಂಗಳು ಶಿರಾ ದಾಟಿದ ಮೇಲೆ ಹೈವೇಲಿ ಒಂದು ಟ್ರ್ಯಾಕ್ಟರ್ ರಾಂಗ್ ಸೈಡಲ್ಲಿ ಎದುರಿಗೇ ಬಂತು, ನಮ್ಮ ಯಜಮಾನ್ರು ಜೋರಾಗಿ ಬ್ರೇಕ್ ಹಾಕಿದ್ರು, ದೇವರ ದಯೆ ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಮಗಳ ಸೀಟು ಅವಳ ಸಮೇತ ಮುಂದಕ್ಕೆ ವಾಲಿ ವಾಪಸ್ ಬಂದಿದ್ದನ್ನ ನಾನು ತಿರುಗಿ ಕಣ್ಣಾರೆ ನೋಡ್ದೆ. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದೆ ಸಿಕ್ಕಿದ ಪೆಟ್ರೋಲ್ ಬಂಕಲ್ಲಿ ನಿಲ್ಸಿ ನೋಡಿದ್ವಿ. ಮಗಳ ಸೀಟಿನ ಹಿಂದೆ ಮೇಲ್ಗಡೆಯಿಂದ ಒಂದು ಪಟ್ಟಿ ಬರುತ್ತೆ, ಟಾಪ್ ಟೆದರ್ ಅಂತಾರೆ, ಸೀಟು ಮುಂದಕ್ಕೆ ಮಗುಚದ ಹಾಗೆ ಹಿಡಿಯೋದು ಅದೇ. ಅದನ್ನ ಡಿಕ್ಕಿಯಲ್ಲಿ ಬ್ಯಾಗ್ ನೇತುಹಾಕೋ ಪ್ಲಾಸ್ಟಿಕ್ ಕೊಕ್ಕೆಗೆ ಸಿಕ್ಕಿಸಿದ್ರು, ಕೊಕ್ಕೆ ಮುರಿದು ಬಿದ್ದಿತ್ತು. ನಿಜವಾದ ಕಬ್ಬಿಣದ ಕೊಂಡಿ ಹಿಂದಿನ ಸೀಟಿನ ಬೆನ್ನಿಗೇ ಇತ್ತು, ಲಂಗರಿನ ಗುರುತೂ ಇತ್ತು, ಯಾರೂ ನೋಡಿರ್ಲಿಲ್ಲ. ಮಗನ ಸೀಟಿನದು ಇನ್ನೊಂದು ಕಥೆ. ಮಕ್ಕಳ ಸೀಟು ಸಿಕ್ಕಿಸೋಕೆ ಅಂತ ಕಾರಿನ ಹಿಂದಿನ ಸೀಟಿನ ಸಂದೀಲಿ ಕಬ್ಬಿಣದ ಕೊಂಡಿಗಳಿರುತ್ತೆ, ಐಸೋಫಿಕ್ಸ್ ಅಂತಾರೆ, ಮಗನ ಸೀಟಿನ ಬೇಸ್ ಅವಕ್ಕೆ ಕೂತ್ರೆ ಎರಡೂ ಕಡೆ ಟಕ್ ಅಂತ ಸದ್ದಾಗಿ ಹಸಿರು ಗುರುತು ಬರ್ಬೇಕು, ನಮ್ಮದ್ರಲ್ಲಿ ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಯಾಕೆ ಅಂತ ಸೀಟಿನ ಸಂದಿಗೆ ಬೆರಳು ತೂರಿಸಿ ತಡಕಿದ್ರೆ ನಾವು ಎಕ್ಸ್‌ಟ್ರಾ ದುಡ್ಡು ಕೊಟ್ಟು ಹಾಕಿಸಿದ ರೆಕ್ಸಿನ್ ಸೀಟ್ ಕವರ್ ಆ ಕೊಂಡಿಯನ್ನ ಪೂರ್ತಿ ಮುಚ್ಚಿ ಹೊಲಿದುಬಿಟ್ಟಿತ್ತು. ಬಂಕ್‌ನವರ ಹತ್ರ ಬ್ಲೇಡ್ ಇಸ್ಕೊಂಡು ನಾಲ್ಕು ಬೆರಳು ಅಗಲ ಸೀಳಿ, ಬೇಸ್ ಒತ್ತಿದಾಗ ಟಕ್ ಅಂತು. ಆ ಸದ್ದು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ.

ಇದಾದ ಮೇಲೆ ಎರಡೂ ಸೀಟಿನ ಮ್ಯಾನುಯಲ್, ಕಾರಿನ ಮ್ಯಾನುಯಲ್ ಕೂತು ಓದಿದೆ. ನಮ್ಮಂಥ ಕಾರಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮಧ್ಯದ ಜಾಗ ಎಲ್ಲಕ್ಕಿಂತ ಸೇಫ್ ಅಂತ ಹೇಳೋದು ಕೇಳಿದ್ದೆ, ಪಕ್ಕದಿಂದ ಗುದ್ದಿದ್ರೆ ದೂರ ಇರುತ್ತೆ ನಿಜ, ಆದ್ರೆ ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮಧ್ಯದಲ್ಲಿ ಐಸೋಫಿಕ್ಸ್ ಇರಲ್ಲ, ಹಳೇ ಕಾರಾದ್ರೆ ಬರೀ ಸೊಂಟದ ಬೆಲ್ಟ್, ಮೇಲಾಗಿ ಒಂದು ಸೀಟು ಮಧ್ಯಕ್ಕೆ ತಂದ್ರೆ ಇನ್ನೊಂದಕ್ಕೆ ಜಾಗಾನೇ ಉಳಿಯಲ್ಲ. ಎರಡು ಮಕ್ಕಳಿದ್ರೆ ಎರಡು ಕಿಟಕಿ ಪಕ್ಕವೇ ಸರಿ. ಮಗನ್ನ ಎಡಗಡೆ ಹಿಂದೆ, ಹಿಂದಕ್ಕೆ ಮುಖ ಮಾಡಿ ಕೂರಿಸ್ತೀವಿ. ಆ ಸೀಟಿಗೆ ಉದ್ದ ಜಾಗ ಬೇಕು, ಯಜಮಾನ್ರು ಎತ್ತರ, ಡ್ರೈವರ್ ಸೀಟು ಮುಂದಕ್ಕೆ ಎಳೆಯೋ ಹಾಗಿಲ್ಲ, ನನ್ನ ಸೀಟಾದ್ರೆ ಸ್ವಲ್ಪ ಎಳೀಬಹುದು. ಎಡಗಡೆ ಬಾಗಿಲು ಫುಟ್‌ಪಾತ್ ಕಡೆ ತೆಗೆಯೋದ್ರಿಂದ ಬಗ್ಗಿ ಬೆಲ್ಟ್ ಬಿಗಿಯೋವಾಗ ನನ್ನ ಬೆನ್ನ ಹಿಂದೆ ಗಾಡಿ ಓಡಾಡಲ್ಲ. ಮಗಳು ಡ್ರೈವರ್ ಹಿಂದೆ, ಮುಂದಕ್ಕೆ ಮುಖ. ಅವಳ ಬಾಗಿಲು ರೋಡ್ ಕಡೆ, ಅದೊಂದು ತೊಂದರೆ ಇದ್ದೇ ಇದೆ, ಅದಕ್ಕೆ ಚೈಲ್ಡ್ ಲಾಕ್ ಹಾಕಿರ್ತೀವಿ, ಅವರಪ್ಪ ಇಳಿದು ಬಂದು ಬಾಗಿಲು ತೆಗೆಯೋವರೆಗೂ ಅವಳು ಇಳಿಯಲ್ಲ.

ಕೆಲವರು ಕೂಸಿನ ಸೀಟನ್ನ ಮುಂದೆ ಅಮ್ಮನ ಜಾಗದಲ್ಲಿ ಇಡ್ತಾರೆ, ಹಿಂದೆ ಇಬ್ಬರು ದೊಡ್ಡೋರು ಕೂರಬಹುದು ಅಂತ. ಏರ್‌ಬ್ಯಾಗ್ ಆನ್ ಇದ್ದಾಗ ಹಿಂದಕ್ಕೆ ಮುಖ ಮಾಡಿದ ಸೀಟು ಮುಂದೆ ಇಡಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡು ಹೊಡೆಯೋದು ನೇರ ಮಗುವಿನ ತಲೆ ಇರೋ ಜಾಗಕ್ಕೆ. ಸನ್ ವೈಸರ್ ಮೇಲೆ ಮಗುವಿನ ಚಿತ್ರ ಹಾಕಿ ಅಡ್ಡಗೆರೆ ಎಳೆದಿರೋದು ಇದಕ್ಕೇ, ದಯವಿಟ್ಟು ಒಂದ್ಸಲ ನೋಡಿ.

ಎರಡು ಸೀಟು ಕೂರಿಸಿದ ಮೇಲೆ ಮಧ್ಯೆ ಒಂದು ಗೇಣು ಜಾಗ ಉಳೀತು ಅಷ್ಟೇ, ಬೆಲ್ಟಿನ ಬಕಲ್ ಸೀಟಿನ ಅಡಿಗೆ ಹೋಗಿಬಿಡ್ತು. ಅಲ್ಲಿ ನಮ್ಮತ್ತೆ ಕೂರೋದು ಹೇಗೆ? ಐದು ಜನರ ಕಾರು ನಾಲ್ಕು ಜನರದ್ದಾಯ್ತು ಅಂತ ಒಪ್ಪಿಕೊಳ್ಳೋಕೆ ಮನೇಲಿ ಸುಮಾರು ದಿನ ಬೇಕಾಯ್ತು. "ಕೂಸು ನನ್ನ ತೊಡೆ ಮೇಲೆ ಇರ್ಲಿ ಬಿಡವ್ವ, ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂದ್ರು ಅತ್ತೆ. ಅವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 50 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿರೋ ಕಾರು ಗುದ್ದಿ ಗಕ್ಕನೆ ನಿಂತ್ರೆ 10 ಕೆಜಿ ಮಗುವನ್ನ ಹಿಡಿಯೋಕೆ ಸುಮಾರು 200 ಕೆಜಿ ಭಾರ ಹಿಡಿಯೋವಷ್ಟು ಶಕ್ತಿ ಬೇಕು, ಯಾರ ಕೈಗೂ ಆಗಲ್ಲ. ಈಗ ಅತ್ತೆ ಬರೋದಾದ್ರೆ ಅವರೂ ನಾನೂ ಬಸ್ಸಲ್ಲಿ ಬರ್ತೀವಿ, ಇಲ್ಲಾಂದ್ರೆ ಅವರು ಮುಂದೆ ಕೂತು ನಾನು ಬಸ್ ಹತ್ತಿದ್ದೂ ಇದೆ.

ಬೆಲ್ಟ್ ಕಟ್ಟೋದ್ರಲ್ಲೂ ತಪ್ಪು ಮಾಡ್ತಿದ್ವಿ. ಚಳಿ ಅಂತ ಸ್ವೆಟರ್ ಮೇಲೆ ಶಾಲು ಸುತ್ತಿ ಕಟ್ಟಿದ್ರೆ ಬಿಗಿ ಇದೆ ಅನ್ಸುತ್ತೆ, ಒಳಗೆ ಪೂರ್ತಿ ಸಡಿಲ. ತೆಳ್ಳಗಿನ ಬಟ್ಟೇಲಿ ಕಟ್ಟಿ, ಭುಜದ ಹತ್ರ ಪಟ್ಟಿಯನ್ನ ಚಿವುಟಿದ್ರೆ ಬೆರಳಿಗೆ ಮಡಿಕೆ ಸಿಗಬಾರದು, ಶಾಲು ಆಮೇಲೆ ಮೇಲೆ ಹೊದಿಸಿ. ಸೀಟನ್ನ ಬುಡದಲ್ಲಿ ಹಿಡಿದು ಅಲುಗಾಡಿಸಿದ್ರೆ ಒಂದು ಇಂಚಿಗಿಂತ ಜಾಸ್ತಿ ಸರೀಬಾರದು.

2019ರಲ್ಲಿ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಗಾಡಿ ಓಡಿಸಿದ್ರೆ 1000 ರೂಪಾಯಿ ದಂಡ ಇದೆ. ದಂಡ ಹಾಕ್ಲಿ, ಬೇಡ ಅನ್ನಲ್ಲ, ಆದ್ರೆ ಸೀಟು ತಗೊಂಡೋರಿಗೆ ಸರಿಯಾಗಿ ಕೂರಿಸೋದನ್ನ ಹೇಳಿಕೊಡೋರು ಯಾರು? ಕಾರು ಎಷ್ಟು ಸೇಫ್ ಅಂತ ನೋಡಿ ಸ್ಟಾರ್ ಕೊಡೋ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 18 ತಿಂಗಳ ಮಗುವಿನದೊಂದು, 3 ವರ್ಷದ ಮಗುವಿನದೊಂದು ಗೊಂಬೆ ಕೂರಿಸಿ ಕಾರನ್ನ ಗುದ್ದಿಸಿ ನೋಡ್ತಾರೆ, ಮಕ್ಕಳ ಸುರಕ್ಷತೆಗೇ 49 ಅಂಕ ಇದೆ. ಜಾಹೀರಾತಲ್ಲಿ ತೋರ್ಸೋ ಆ ಸ್ಟಾರ್, ಸೀಟನ್ನ ಸರಿಯಾಗಿ ಕೂರಿಸಿ ಪರೀಕ್ಷೆ ಮಾಡಿದಾಗ ಬಂದಿದ್ದು, ಬ್ಯಾಗಿನ ಕೊಕ್ಕೆಗೆ ಸಿಕ್ಕಿಸಿದ ಸೀಟಿಗಲ್ಲ.

ಅದಕ್ಕೆ ನನ್ನ ಕೋರಿಕೆ ಇಷ್ಟು. ಶೋರೂಮ್‌ನವರು ಹೊಸ ಕಾರಿಗೆ ಹಾರ ಹಾಕಿ ಫೋಟೋ ತೆಗೆದು ಕೀ ಕೊಡೋ ಹೊತ್ತಲ್ಲೇ ಹತ್ತು ನಿಮಿಷ ಬಿಡುವು ಮಾಡ್ಕೊಂಡು ಐಸೋಫಿಕ್ಸ್ ಕೊಂಡಿ ಎಲ್ಲಿದೆ, ಟಾಪ್ ಟೆದರ್ ಎಲ್ಲಿ ಹಾಕ್ಬೇಕು ಅಂತ ಕೈ ಹಿಡಿದು ತೋರಿಸ್ಲಿ. ಸೀಟ್ ಕವರ್ ಹೊಲಿಯೋರು ಆ ಜಾಗ ಬಿಟ್ಟು ಹೊಲೀಲಿ. ಸೀಟು ಮಾರೋರು ನಮ್ಮ ಕಾರಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡೋಕೆ ಬಿಟ್ಟು ಆಮೇಲೆ ಬಿಲ್ ಮಾಡ್ಲಿ. ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಮಾಡ್ತಾರಲ್ಲ, ಆರ್‌ಟಿಒ ಮತ್ತು ಟ್ರಾಫಿಕ್ ಪೊಲೀಸರು ಪ್ರತಿ ಜಿಲ್ಲೆಯಲ್ಲಿ ಒಂದು ಭಾನುವಾರ ಮಕ್ಕಳ ಸೀಟು ಚೆಕ್ ಮಾಡಿಕೊಡೋ ಶಿಬಿರ ಇಡ್ಲಿ. ದಾವಣಗೆರೆಯಲ್ಲಿ ಇಟ್ರೆ ನಾನು ಮಕ್ಕಳನ್ನ ಕರ್ಕೊಂಡು ಬೆಳಗ್ಗೆಯೇ ಬರ್ತೀನಿ, ಬೇರೆಯವರ ಸೀಟು ಕೂರಿಸೋಕೂ ಕೈ ಜೋಡಿಸ್ತೀನಿ.

– ಇಬ್ಬರು ಮಕ್ಕಳ ತಾಯಿ, ದಾವಣಗೆರೆ