ಕರಾಮ್ಜಾದ ದೋಣಿಗೆ 30 ನಾಣ್ಯ

ಪ್ರೀತಿಯ ಗೆಳೆಯಾ,

ನಿನ್ನ ಸಂದೇಶ ಬಂದು ಮೂರು ವಾರಗಳಾದವು. ‘ಮತ್ತೆ ರೂನ್‌ಸ್ಕೇಪ್ ಆಡೋಣವೇ?’ ಎಂಬ ಒಂದು ಸಾಲಿಗೆ ಒಂದು ಸಾಲಿನಲ್ಲೇ ಉತ್ತರಿಸಬಹುದಿತ್ತು. ಪಿಯುಸಿ ಮೌಲ್ಯಮಾಪನದಲ್ಲಿ ಮುಳುಗಿದ್ದೆ ಎಂಬುದು ಅರ್ಧ ನಿಜ. ಏನು ಹೇಳಬೇಕೆಂದು ತೋಚಲಿಲ್ಲ ಎಂಬುದು ಉಳಿದರ್ಧ. ನೀನು ಕೇಳಿದ್ದು ಒಂದು ಪ್ರಶ್ನೆಯಾದರೂ ಅದರೊಳಗೆ ಎರಡು ಮೂರು ಪ್ರಶ್ನೆಗಳು ಸಿಕ್ಕಿಕೊಂಡಿವೆ, ಅವನ್ನು ಬಿಡಿಸದೆ ಹೂಂ ಎನ್ನಲೂ ಉಹೂಂ ಎನ್ನಲೂ ಆಗದು ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಬೇಸರಿಸಬೇಡ.

ದುರ್ಗಿಗುಡಿಯ ಆ ಸೈಬರ್ ಕೆಫೆಯನ್ನು ನೀನೂ ಮರೆತಿರಲಾರೆ. 2006ರಲ್ಲಿ ಗಂಟೆಗೆ 15 ರೂಪಾಯಿ. ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಹಾಕಿದ ಮೇಲೆ ಪ್ಲೈವುಡ್ಡಿನ ಅಕ್ಕಪಕ್ಕದ ಎರಡು ಗೂಡುಗಳಲ್ಲಿ ನಾವು ಕೂರುತ್ತಿದ್ದೆವು, ನಡುವಿನ ಹಲಗೆಯ ಕೆಳಗಿದ್ದ ಸಂದಿನಿಂದ ನಿನ್ನ ಹವಾಯಿ ಚಪ್ಪಲಿ ನನಗೆ ಕಾಣುತ್ತಿತ್ತು. ಅಲ್ಲಿ ಯಾವ ಆಟವನ್ನೂ ಇನ್‌ಸ್ಟಾಲ್ ಮಾಡಬಾರದೆಂಬ ಚೀಟಿ ಪ್ರತಿ ಮಾನಿಟರಿನ ಮೇಲೂ ಅಂಟಿತ್ತು. ರೂನ್‌ಸ್ಕೇಪ್ ನಮಗೆ ದಕ್ಕಿದ್ದೇ ಆ ಚೀಟಿಯ ದೆಸೆಯಿಂದ ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಅದಕ್ಕೆ ಸಿಡಿ ಬೇಕಿರಲಿಲ್ಲ, ಇನ್‌ಸ್ಟಾಲ್ ಮಾಡುವ ಅಗತ್ಯವಿರಲಿಲ್ಲ, ಜಾವಾ ಇದ್ದ ಯಾವ ಬ್ರೌಸರಿನಲ್ಲಾದರೂ ತೆರೆದುಕೊಳ್ಳುತ್ತಿತ್ತು. ಇಂಗ್ಲೆಂಡಿನ ಗವರ್ ಸಹೋದರರು 2001ರ ಜನವರಿಯಲ್ಲಿ ಆರಂಭಿಸಿದ, ಎಲ್ಲೆಲ್ಲಿಯವರೋ ಇಂಟರ್ನೆಟ್ಟಿನಲ್ಲಿ ಒಂದೇ ಜಗತ್ತಿನೊಳಗೆ ಸೇರಿ ಆಡುವ ಆ ಆಟ ಶಿವಮೊಗ್ಗದ ನಿಧಾನದ ಲೈನಿನಲ್ಲೂ ಸಲೀಸಾಗಿ ನಡೆಯುತ್ತಿದ್ದುದಕ್ಕೆ ಕಾರಣ ತಿಳಿದದ್ದು ಬಹಳ ವರ್ಷಗಳ ನಂತರ: ಆ ಜಗತ್ತಿನ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಾತ್ರ ಮಿಡಿಯುತ್ತದೆ, ಕೊಡಲಿಯ ಏಟಾಗಲಿ ಕತ್ತಿಯ ಏಟಾಗಲಿ ಆ ತಾಳಕ್ಕೇ ಬೀಳುತ್ತದೆ, ಆದ್ದರಿಂದ ಕಾಲು ಸೆಕೆಂಡು ತಡವಾಗಿ ತಲುಪುವ ನಮ್ಮಂಥವರಿಗೂ ಅಲ್ಲಿ ಅಷ್ಟೇನೂ ನಷ್ಟವಿಲ್ಲ.

ತಿಂಗಳಿಗೆ 5 ಡಾಲರ್ ಕಟ್ಟಿದವರಿಗೆ ದೊಡ್ಡ ಪ್ರಪಂಚವೇ ಇತ್ತು. ಕ್ರೆಡಿಟ್ ಕಾರ್ಡನ್ನೇ ಕಂಡಿರದ ಮನೆಗಳ ನಮಗೆ ಪುಕ್ಕಟೆಯ ಪ್ರಪಂಚವೇ ಗತಿ. ಅದರಲ್ಲಿ ನಮ್ಮ ಪಾಲಿನ ಸಿರಿವಂತ ಜಾಗವೆಂದರೆ ಕರಾಮ್ಜಾ ದ್ವೀಪದ ಮೀನುಗಾರರ ಕಟ್ಟೆ. ಪೋರ್ಟ್ ಸಾರಿಮ್‌ನಲ್ಲಿ ದೋಣಿಗೆ 30 ನಾಣ್ಯ ಕೊಟ್ಟು ಹೋಗಬೇಕು. ಕೈಚೀಲದಲ್ಲಿ 28 ಸ್ಥಾನಗಳು. ಒಂದು ಬಲೆಬುಟ್ಟಿಗೆ, ಇನ್ನೊಂದು ನಾಣ್ಯಗಳಿಗೆ, ಉಳಿದ 26ರಲ್ಲಿ 26 ಲಾಬ್‌ಸ್ಟರ್. ತುಂಬಿದ ಕೂಡಲೇ ಮತ್ತೆ 30 ನಾಣ್ಯ ಕೊಟ್ಟು ಮರಳಿ, ಬ್ಯಾಂಕಿನ ತನಕ ನಡೆದು, ಇಟ್ಟು, ಪುನಃ ಹೊರಡಬೇಕು. ನೀನು ಒಮ್ಮೆ ಹಿಂದಿರುಗುವ ಬಾಡಿಗೆಗೆ ನಾಣ್ಯ ಉಳಿಸಿಕೊಳ್ಳದೆ ದ್ವೀಪದಲ್ಲಿ ಸಿಕ್ಕಿಬಿದ್ದು, ಅಲ್ಲಿನ ಬಾಳೆತೋಟದ ಯಜಮಾನನಿಗೆ ಹತ್ತು ಹಣ್ಣು ಕಿತ್ತು ಪೆಟ್ಟಿಗೆಗೆ ತುಂಬಿಕೊಟ್ಟು, ಕೂಲಿಯ 30 ನಾಣ್ಯ ಪಡೆದು ಬಂದದ್ದು ನೆನಪಿದೆಯೇ? ಊರಿನಲ್ಲಿ ನಿಮ್ಮ ಅಜ್ಜನ ತೋಟದಲ್ಲಿ ಒಂದು ಗೊನೆಯನ್ನೂ ಇಳಿಸದವನು ಇಲ್ಲಿ ಕೂಲಿಗೆ ಹೋದೆನೆಂದು ನೀನೇ ನಗುತ್ತಿದ್ದೆ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದ ನೀನು ಆ ವರ್ಷ ಬೇಯಿಸಿದ ಲಾಬ್‌ಸ್ಟರ್‌ಗಳಿಗೆ ಲೆಕ್ಕವಿಲ್ಲ, ಸುಟ್ಟು ಕರಕಲು ಮಾಡಿದವೂ ಕಡಿಮೆಯಿಲ್ಲ.

ಆ ದುಡಿಮೆಯೆಲ್ಲ ಏಕೆ ಬೇಕಾಯಿತೆಂಬುದನ್ನೂ ಹೇಳಿಬಿಡುತ್ತೇನೆ, ನೀನು ಅದನ್ನು ಜಾಣತನದಿಂದ ಮರೆತಿರಬಹುದು. ನಿನ್ನ ರೂನ್ ಲೋಹದ ಎದೆಗವಚಕ್ಕೆ ಪುಕ್ಕಟೆಯಾಗಿ ಚಿನ್ನದ ಅಂಚು ಕಟ್ಟಿಕೊಡುತ್ತೇನೆಂದ ಅಪರಿಚಿತನೊಬ್ಬನ ಕೈಗೆ, ನಾನು ಹಲಗೆಯ ಸಂದಿನಿಂದ ಬೇಡ ಬೇಡವೆನ್ನುತ್ತಿರುವಾಗಲೇ, ನೀನು ಅದನ್ನು ಒಪ್ಪಿಸಿದೆ. ಅವನು ಒಂದು ಕ್ಷಣ ನಿಂತ, ಧನ್ಯವಾದ ಹೇಳಿದ, ಮಾಯವಾದ. ಆ ಸಂಜೆ ನೀನು ಕೆಫೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಒಂದೂ ಮಾತಾಡಲಿಲ್ಲ. ಮಾರನೆಯ ವಾರದಿಂದ ಇಬ್ಬರೂ ದೋಣಿ ಹತ್ತಿದೆವು.

ಈಗ ವಿಷಯಕ್ಕೆ ಬರುತ್ತೇನೆ. ಮರಳುವುದಾದರೆ ಎಲ್ಲಿಗೆ ಎಂಬುದು ಮೊದಲ ತೊಡಕು, ಏಕೆಂದರೆ ಆಗ ಒಂದಾಗಿದ್ದ ಆಟ ಈಗ ಎರಡು. ಮೂಲದ ಆಟ ಬೆಳೆಯುತ್ತಲೇ ಹೋಯಿತು. 2012ರ ನವೆಂಬರ್‌ನಲ್ಲಿ ಅದರ ಯುದ್ಧದ ಕ್ರಮವನ್ನೇ ಬುಡಮೇಲು ಮಾಡಿದರು, ಬಹಳ ಹಳಬರು ಮುನಿಸಿಕೊಂಡು ಎದ್ದುಹೋದರು. ಅದನ್ನು ನಡೆಸುವ ಜಾಗೆಕ್ಸ್ ಕಂಪನಿಯ ಬಳಿ 2007ರ ಆಗಸ್ಟ್ ತಿಂಗಳ ಒಂದು ಪ್ರತಿ ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೇ ಎಂದು 2013ರ ಆರಂಭದಲ್ಲಿ ಆಟಗಾರರನ್ನು ಕೇಳಿದಾಗ ಸುಮಾರು ನಾಲ್ಕೂವರೆ ಲಕ್ಷ ಮತಗಳು ಬಿದ್ದವು. ಹಾಗೆ ಹುಟ್ಟಿದ್ದು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’. ಆದರೆ ಉಳಿದಿದ್ದದ್ದು ಜಗತ್ತಿನ ಪ್ರತಿ ಮಾತ್ರ. ಅದರೊಳಗೆ ಎಲ್ಲರೂ ಬರಿಗೈಯಲ್ಲಿ, ಮೊದಲ ಲೆವೆಲ್‌ನಿಂದ, ಕಲಿಕೆಯ ದ್ವೀಪದಿಂದಲೇ ಹೊರಡಬೇಕಾಯಿತು. ನಮ್ಮ ಹಳೆಯ ಪಾತ್ರಗಳು ಬದಲಾದ ಆ ಮೂಲದ ಆಟದಲ್ಲೇ ಉಳಿದವು. ಅಂದರೆ ನಮ್ಮ ಹಳೆಯ ಊರು ಬೇಕೆಂದರೆ ಹೊಸ ಮೈ ತೊಡಬೇಕು, ಹಳೆಯ ಮೈಯೇ ಬೇಕೆಂದರೆ ಗುರುತು ಸಿಗದ ಊರಿನಲ್ಲಿ ಇಳಿಯಬೇಕು. ನೀನು ‘ಮತ್ತೆ’ ಎಂದು ಬರೆದೆಯಲ್ಲ, ಆ ಪದ ಇವೆರಡರಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ.

ಕಳೆದ ಭಾನುವಾರ ಹಳೆಯ ಮೈಯನ್ನೇ ಮೊದಲು ನೋಡಿಬಂದೆ. ಪಾಸ್‌ವರ್ಡ್ ನನ್ನ ಹತ್ತನೆಯ ತರಗತಿಯ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಿಕ್ಕಿತು, ನಂಬುತ್ತೀಯೋ ಇಲ್ಲವೋ. ಲಂಬ್ರಿಜ್ ಕೋಟೆಯ ಬಳಿ ಆ ಹುಡುಗ ನಿಂತಿದ್ದ, ನಾನೇ ಆರಿಸಿದ್ದ ಹಸಿರು ಅಂಗಿಯಲ್ಲಿ. ಪಕ್ಕದ ಕಾಡಿನ ಒಂದು ಭಾಗ ದೇವತೆಗಳ ಕಾಳಗದಲ್ಲಿ ಕುಸಿದು ಹಳ್ಳವಾಗಿತ್ತು. ಪರದೆಯ ಕೆಳಗೆ ಸಾಲುಸಾಲು ಗುಂಡಿಗಳು, ಯಾವುದನ್ನು ಒತ್ತಿದರೆ ಏನಾಗುತ್ತದೋ ತಿಳಿಯಲಿಲ್ಲ. ಗೆಳೆಯರ ಪಟ್ಟಿ ತೆರೆದೆ. ಎಲ್ಲ ಹೆಸರುಗಳ ಮುಂದೆಯೂ ಅವರಿಲ್ಲವೆಂಬ ಗುರುತು, ಮೊದಲನೆಯದು ನಿನ್ನದು. ಹತ್ತು ನಿಮಿಷ ಅತ್ತಿತ್ತ ಓಡಾಡಿಸಿ, ಬ್ಯಾಂಕಿನಲ್ಲಿದ್ದ ನೂರಾರು ಹಸಿ ಲಾಬ್‌ಸ್ಟರ್‌ಗಳನ್ನು ನೋಡಿ, ಹೊರಬಂದೆ. ಅಲ್ಲಿಗೆ ಮತ್ತೆ ಹೋಗುವ ಆಸೆ ನನಗಿಲ್ಲ.

ಎರಡನೆಯ ತೊಡಕು ಹೊತ್ತಿನದು. ನನ್ನ ಕಸುಬಿನ ದೋಷದಿಂದ ಲೆಕ್ಕ ಹಾಕದೆ ಇರಲಾಗಲಿಲ್ಲ. ಆ ಆಟದಲ್ಲಿ 99ನೆಯ ಲೆವೆಲ್‌ಗೆ 1,30,34,431 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಬೇಕು, 92ಕ್ಕೆ 65,17,253. ಅಂದರೆ 92 ಮುಟ್ಟಿದವನು ಇನ್ನೂ ಅರ್ಧ ದಾರಿಯಲ್ಲಿದ್ದಾನೆ. ಹೆಚ್ಚುಕಡಿಮೆ ಪ್ರತಿ ಏಳು ಲೆವೆಲ್‌ಗೆ ಮೊತ್ತ ಇಮ್ಮಡಿಯಾಗುತ್ತದೆ. ಗುಣೋತ್ತರ ಶ್ರೇಢಿಯ ಪಾಠದಲ್ಲಿ ನಾನು ಈಗಲೂ ಹೆಸರು ಹೇಳದೆ ಇದೇ ಉದಾಹರಣೆ ಕೊಡುತ್ತೇನೆ, ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ಹುಡುಗರು ತಲೆಯೆತ್ತಿ ನೋಡುವುದುಂಟು. ವಿಲ್ಲೋ ಮರದ ಒಂದು ದಿಮ್ಮಿಗೆ 67.5 ಎಕ್ಸ್‌ಪಿ. ಅದನ್ನೇ ಕಡಿಯುತ್ತ ಕೂತರೆ 99ಕ್ಕೆ ಸುಮಾರು 1,93,000 ದಿಮ್ಮಿ. ಗಂಟೆಗೆ 500ರಂತೆ ಹಿಡಿದರೂ 386 ಗಂಟೆ, ಅದೂ ಒಂದು ಕೌಶಲಕ್ಕೆ. ನಾನು ಅಷ್ಟು ಹೊತ್ತನ್ನು ಎಲ್ಲಿಂದ ತರಲಿ? ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಕಾಲೇಜಿಗೆ ಓಡುತ್ತೇನೆ. ಸಂಜೆ ಅಮ್ಮನನ್ನು ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಕರೆದೊಯ್ಯಬೇಕು.

ಇಲ್ಲಿ ಒಂದು ತಪ್ಪೊಪ್ಪಿಗೆಯಿದೆ. 2018ರ ಅಕ್ಟೋಬರ್‌ನಲ್ಲಿ ಓಲ್ಡ್ ಸ್ಕೂಲ್ ಮೊಬೈಲಿಗೆ ಬಂದಾಗ ನಾನು ಅದನ್ನು ಇಳಿಸಿಕೊಂಡಿದ್ದೆ, ನಿನಗೆ ಹೇಳಿರಲಿಲ್ಲ. ನಾಲ್ಕು ತಿಂಗಳು ಡ್ರೇನರ್ ಊರಿನ ಬ್ಯಾಂಕಿನ ಹಿಂದೆ, ನೀರಂಚಿನ ಆ ವಿಲ್ಲೋ ಮರಗಳನ್ನು ಕಡಿದೆ: ಬಸ್ಸಿನಲ್ಲಿ, ಮದುವೆ ಮನೆಯ ಊಟದ ಸರದಿ ಕಾಯುವಾಗ, ರಾತ್ರಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಹೆಬ್ಬೆರಳಿನಲ್ಲಿ. ಲೆವೆಲ್ 70 ಆಯಿತು. ಪಟಾಕಿಯ ಚಿತ್ರ ಮೂಡಿತು, ಸುತ್ತ ಕಡಿಯುತ್ತಿದ್ದವರಲ್ಲಿ ಒಬ್ಬ ಅಭಿನಂದಿಸಿದ. ನಾನು ಯಾರಿಗೆ ಹೇಳಲಿ ಎಂದು ನೋಡಿದೆ. ಹೆಂಡತಿ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು. ನಿನಗೆ ಸಂದೇಶ ಬರೆದು, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನಾಚಿಕೆಯಾಗಿ ಅಳಿಸಿದೆ. ಮರುದಿನ ಆಟವನ್ನೂ ಮೊಬೈಲಿನಿಂದ ತೆಗೆದೆ. ಆ ಮರಗಳು ಅವೇ, ಕೊಡಲಿಯ ಸದ್ದೂ ಅದೇ, ಹಿನ್ನೆಲೆಯ ಸಂಗೀತವೂ 2006ರದೇ. ಹಲಗೆಯ ಸಂದಿನಲ್ಲಿ ಚಪ್ಪಲಿ ಮಾತ್ರ ಕಾಣುತ್ತಿರಲಿಲ್ಲ.

ಹಾಗಾದರೆ ಬೇಡವೆಂದು ಬರೆದು ಮುಗಿಸಬಹುದಿತ್ತು, ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ತಡೆದದ್ದು 2008ರ ಏಪ್ರಿಲ್‌ನ ನೆನಪು. ಎಸ್‌ಎಸ್‌ಎಲ್‌ಸಿ ಮುಗಿದಿತ್ತು, ನಿಮ್ಮ ತಂದೆಯವರಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು, ಪಿಯುಸಿಯಲ್ಲಿ ಆಟ ಬಿಡುತ್ತೇನೆಂದು ನೀನು ಮನೆಯವರಿಗೆ ಮಾತು ಕೊಟ್ಟಿದ್ದೆ. ಎರಡನೆಯ ಸಲ ಗಳಿಸಿದ ಆ ಎದೆಗವಚವನ್ನೂ ಉಳಿದ ಸಾಮಾನನ್ನೂ ನನಗೆ ಕೊಟ್ಟು ಹೋಗಲು ಕೊನೆಯ ದಿನ ಕೆಫೆಗೆ ಬಂದೆ. ಆದರೆ ಅದಕ್ಕೆ ಮೂರು ತಿಂಗಳ ಮುಂಚೆ, 2008ರ ಜನವರಿಯ ಆರಂಭದಲ್ಲಿ, ಆಟದಲ್ಲಿ ಮುಕ್ತ ವಿನಿಮಯವನ್ನೇ ನಿಲ್ಲಿಸಿದ್ದರು. ನಿಜವಾದ ಹಣಕ್ಕೆ ಆಟದ ಚಿನ್ನ ಮಾರುವವರು ಕದ್ದ ಕಾರ್ಡುಗಳಿಂದ ಚಂದಾ ಕಟ್ಟುತ್ತಿದ್ದುದನ್ನು ತಡೆಯಲು ತಂದ ನಿಯಮ ಅದು, ತಪ್ಪೆನ್ನಲಾರೆ. ಅದರಿಂದಾಗಿ ಎರಡೂ ಕಡೆಯ ಬೆಲೆ ಹೆಚ್ಚುಕಡಿಮೆ ಸರಿದೂಗದ ಹೊರತು ಆಟ ವಿನಿಮಯಕ್ಕೆ ಒಪ್ಪುತ್ತಿರಲಿಲ್ಲ. ಸುಮ್ಮನೆ ಕೊಡುವುದು ಎಂಬ ಕ್ರಿಯೆಯೇ ಅಲ್ಲಿ ಇಲ್ಲವಾಗಿತ್ತು. ನೀನು ಮೂರು ಸಲ ಪ್ರಯತ್ನಿಸಿದೆ. ನಂತರ ಲಾಗೌಟ್ ಆಗಿ, ಜೇಬಿನಲ್ಲಿ ಉಳಿದಿದ್ದ 20 ರೂಪಾಯಿಯಲ್ಲಿ ಇಬ್ಬರಿಗೂ ಗೋಲಿಸೋಡಾ ಕೊಡಿಸಿದೆ. ಮುಕ್ತ ವಿನಿಮಯ 2011ರ ಫೆಬ್ರವರಿಯಲ್ಲಿ ಮರಳಿ ಬಂತು; ಅಷ್ಟು ಹೊತ್ತಿಗೆ ನಾವಿಬ್ಬರೂ ಪಾಸ್‌ವರ್ಡ್ ಮರೆತಿದ್ದೆವು.

ಓಲ್ಡ್ ಸ್ಕೂಲ್‌ನ ಪ್ರತಿ ಆಗಸ್ಟ್ 2007ರದು, ಅಂದರೆ ಆ ನಿಯಮಕ್ಕಿಂತ ಸುಮಾರು ಐದು ತಿಂಗಳ ಹಿಂದಿನದು. ಇದು ಮೊನ್ನೆ ರಾತ್ರಿ ಉತ್ತರಪತ್ರಿಕೆಗಳ ನಡುವೆ ಥಟ್ಟನೆ ಹೊಳೆದಾಗ, ಹೋಗಬೇಕೆಂಬ ಕಡೆಗೆ ಮನಸ್ಸು ವಾಲಿತು.

ಆದ್ದರಿಂದ ನನ್ನ ಉತ್ತರ ಹೀಗಿದೆ. ಬರುತ್ತೇನೆ, ಆದರೆ ನನ್ನ ಆ ಕಳ್ಳ ಅಕೌಂಟ್‌ನಲ್ಲಿ ಬರುವುದಿಲ್ಲ. ಇಬ್ಬರೂ ಹೊಸ ಹೆಸರಿನಲ್ಲಿ, ಒಟ್ಟಿಗೆ, ಕಲಿಕೆಯ ದ್ವೀಪದಿಂದ. ಚಂದಾ ಬೇಡ. ಕಾರ್ಡು ಈಗ ಇಬ್ಬರ ಬಳಿಯೂ ಇದೆ, 2025ರ ನವೆಂಬರ್‌ನಲ್ಲಿ ಬಂದ ಹಡಗು ನಡೆಸುವ ಕೌಶಲದ ಬಗ್ಗೆ ನೀನು ಕಳಿಸಿದ ವಿಡಿಯೊವನ್ನೂ ನೋಡಿದೆ, ಚೆನ್ನಾಗಿಯೇ ಇದೆ; ಆದರೂ ಪುಕ್ಕಟೆಯ ಆ ಪುಟ್ಟ ಪ್ರಪಂಚವೇ ನಮಗೆ ಸಾಕು. ಮೊಬೈಲಿನಲ್ಲಿ ಆಡುವುದೂ ಬೇಡ, ಬಿಡುವಿನ ಸಂದುಗೊಂದುಗಳಿಗೆಲ್ಲ ಅದು ನುಗ್ಗುವುದನ್ನು ಕಂಡಿದ್ದೇನೆ. ಭಾನುವಾರ ಬೆಳಿಗ್ಗೆ 7ಕ್ಕೆ, ಒಂದು ಗಂಟೆ, ಕಂಪ್ಯೂಟರಿನ ಮುಂದೆ, ಫೋನು ಸ್ಪೀಕರಿನಲ್ಲಿ. ಮೆಲ್ಬರ್ನಿನಲ್ಲಿ ಆಗ ಹನ್ನೊಂದೂವರೆ ಅಥವಾ ಹನ್ನೆರಡೂವರೆ, ನಿನ್ನ ಅಡುಗೆಯ ಹೊತ್ತು. ಕುಕ್ಕರ್ ಕೂಗಿದರೆ ಎದ್ದು ಹೋಗಿ ಬಾ, ಲಾಬ್‌ಸ್ಟರ್ ಕಾಯುತ್ತದೆ.

ಅವಧಿಯನ್ನೂ ಹೇಳಿಬಿಡುತ್ತೇನೆ. ಚಿನ್ನದ ವ್ಯಾಪಾರಿಗಳ ಕಾಟ ಇನ್ನೂ ನಿಂತಿಲ್ಲದ ಕಾರಣ, ಚಂದಾ ಕಟ್ಟದ ಹೊಸಬರಿಗೆ ಅಲ್ಲಿಯೂ ವಿನಿಮಯದ ಮೇಲೆ ನಿರ್ಬಂಧಗಳಿವೆ. ಅವು ಸಡಿಲವಾಗಲು 20 ಗಂಟೆ ಆಡಿರಬೇಕು, ಎಲ್ಲ ಕೌಶಲಗಳ ಲೆವೆಲ್ ಸೇರಿ ಒಟ್ಟು 100 ಆಗಿರಬೇಕು, ಆಟದ ಸಾಹಸಕಾರ್ಯಗಳನ್ನು ಮುಗಿಸಿದರೆ ಸಿಗುವ ಕ್ವೆಸ್ಟ್ ಪಾಯಿಂಟ್ 10 ಗಳಿಸಿರಬೇಕು. ನಮ್ಮ ವೇಗದಲ್ಲಿ ಅದು 20 ಭಾನುವಾರ. ಇಪ್ಪತ್ತನೆಯದು ಮುಗಿದಾಗ ನೀನು ನನಗೇನಾದರೂ ಕೊಡು, ಎದೆಗವಚವೇ ಆಗಬೇಕೆಂದಿಲ್ಲ, ಒಂದು ಬೆಂದ ಲಾಬ್‌ಸ್ಟರ್ ಆದರೂ ಸರಿ. ಆಮೇಲೆ ಮುಂದುವರಿಯಬೇಕೋ ಬೇಡವೋ ಎಂದು ಇನ್ನೊಂದು ಪತ್ರ ಬರೆದುಕೊಳ್ಳೋಣ.

ಒಪ್ಪಿಗೆಯಾದರೆ ಬರುವ ಭಾನುವಾರವೇ ಬಾ. ಲಂಬ್ರಿಜ್ ಅಂಗಳದಲ್ಲಿ ಕಾಯುತ್ತೇನೆ, ಹಸಿರು ಅಂಗಿಯಲ್ಲಿರುತ್ತೇನೆ. ಕರಾಮ್ಜಾಕ್ಕೆ ಹೋಗುವ ದಿನ ಮಾತ್ರ ಹಿಂದಿರುಗುವ ಬಾಡಿಗೆಯ 30 ನಾಣ್ಯವನ್ನು ಮರೆಯದೆ ತೆಗೆದಿಟ್ಟುಕೊಂಡಿರು. ನಿರ್ಬಂಧ ಮುಗಿಯುವ ತನಕ ನಾನು ಸಾಲ ಕೊಡಲಾಗದೆ ಹೋಗಬಹುದು, ಬಾಳೆತೋಟದ ಯಜಮಾನ ಅಲ್ಲಿಯೇ ಇದ್ದಾನೆ.

ಇಂತಿ ನಿನ್ನ,
ಪಕ್ಕದ ಗೂಡಿನವನು