ಹಪ್ಪಳ ಒಣಗದ ಊರಿನಿಂದ

ಮಾನ್ಯರೇ,

ಅಂಡಮಾನ್ ಅಂದರೆ ಎಲ್ಲರೂ ಪ್ರವಾಸದ ಬಗ್ಗೆಯೇ ಬರೆಯುತ್ತಾರೆ. ಇಲ್ಲಿ ಸಂಸಾರ ಹೂಡಿದವರ ಮಾತೂ ಸ್ವಲ್ಪ ಇರಲಿ ಅಂತ ಈ ಪತ್ರ.

ನಾನು ಸಾಗರದ ಕಡೆಯವಳು. ಯಜಮಾನರು ತೀರಿಕೊಂಡ ಮೇಲೆ, 2019ರಲ್ಲಿ, ಮಗನ ಜೊತೆ ಪೋರ್ಟ್ ಬ್ಲೇರ್‌ಗೆ ಬಂದೆ. ಊರಿಗೆ ಈಗ ಶ್ರೀ ವಿಜಯ ಪುರಂ ಅಂತ ಹೆಸರು. ಅವನಿಗೆ ಇಲ್ಲಿ ಕೆಲಸ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರೋದು ನನ್ನಿಂದ ಆಗಲಿಲ್ಲ.

ಮಳೆಗೆ ಹೆದರುವವಳಲ್ಲ, ಮಲೆನಾಡಿನವಳಲ್ವಾ. ಆದರೆ ಇಲ್ಲಿ ಮುಂಗಾರೂ ಹಿಂಗಾರೂ ಎರಡೂ ಜೋರು. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಮಳೆಯೇ ಜಾಸ್ತಿ. ಮೊದಲ ವರ್ಷ ಬಾಳೆಕಾಯಿ ಹಪ್ಪಳ ಮಾಡಿದೆ. ಮೂರು ದಿನವಾದರೂ ಮೆತ್ತಗೇ ಇತ್ತು. ನಾಲ್ಕನೇ ದಿನ ಅಂಚಿಗೆಲ್ಲ ಹಸಿರು ಬೂಸ್ಟು. ಅಲ್ಲೇ ಕೂತು ಅತ್ತುಬಿಟ್ಟೆ. ಪಕ್ಕದ ಮನೆಯ ಬಂಗಾಳಿ ಅಜ್ಜಿ ಬೆನ್ನು ಸವರಿ, ಫೆಬ್ರವರಿಯಲ್ಲಿ ಮಾಡು ಅಂದರು. ಈಗ ಇಬ್ಬರೂ ಸೇರಿಯೇ ಒತ್ತುತ್ತೇವೆ. ನನ್ನ ಹಿಂದಿ ಅವರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೇ ಕತ್ತಲು. ಹಡಗು ತಡವಾದರೆ ಈರುಳ್ಳಿ ದುಬಾರಿ. ಅದಕ್ಕೆಲ್ಲ ಒಗ್ಗಿಕೊಂಡೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನಿಮ್ಮ ಪತ್ರಿಕೆ ಫೋನಿನಲ್ಲಿ ಬೇಗ ತೆರೆದುಕೊಳ್ಳುತ್ತದೆ. ಮುಂಚೆ ಒಂದು ಪುಟ ಬರುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು.

ಬೀಚಿನ ಫೋಟೊ ಹಾಕಿ, ಬೇಡ ಅನ್ನಲ್ಲ. ಜೊತೆಗೆ ಈ ಅಜ್ಜಿಯಂಥವರ ಬಗ್ಗೆಯೂ ಒಮ್ಮೆ ಬರೆಸಿ.

– ನಿಮ್ಮ ಹಳೆಯ ಓದುಗಿ, ಶ್ರೀ ವಿಜಯ ಪುರಂ