ಶೀನನಿಗೆ, ಹಲಸಿನ ಗಿಡದ ವಿಚಾರ

ಲೋ ಶೀನ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸುತ್ತೇನೆ, ಕೊನೆಗೆ ಇಬ್ಬರೂ ಅಡಿಕೆ ರೇಟಿಗೆ ಬಂದು ನಿಲ್ಲುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆ ಬರೆಯುವುದಕ್ಕೂ ಕಾರಣ ಇದೆ. ಎಲ್ಲರೆದುರು ನೀನು ಬೈಯುವುದಿಲ್ಲ, ಬೈದರೂ ಮರ್ಯಾದೆ ಇಟ್ಟು ಬೈಯುತ್ತೀಯ.

ಮೈಸೂರಿನಲ್ಲಿ ಮಳೆ ಶುರುವಾಗಿದೆ. ನಿಮ್ಮ ಸಾಗರದಲ್ಲಿ ಇದನ್ನು ಮಳೆ ಅಂದರೆ ಜನ ನಗುತ್ತಾರೆ, ಇರಲಿ. ಹೋದ ಶನಿವಾರ ಅಂಥದ್ದೇ ಒಂದು ಜಿನುಗಿನಲ್ಲಿ ರಿಂಗ್ ರೋಡ್ ಪಕ್ಕದ ನರ್ಸರಿಗೆ ಹೋಗಿದ್ದೆ. ನರ್ಸರಿ ಅಂದಕೂಡಲೇ ನಿನ್ನ ಮೀಸೆ ಅಲುಗುವುದು ಇಲ್ಲಿಗೇ ಕಾಣುತ್ತದೆ. ನಿನ್ನ ಅಂಗಳದಲ್ಲಿ ದುಡ್ಡು ಕೊಟ್ಟು ತಂದ ಗಿಡ ಒಂದಾದರೂ ಇದೆಯಾ? ಡೇರೆ ಹೂವಿನ ಗಡ್ಡೆ ಅತ್ತಿಗೆಯ ತವರಿನಿಂದ, ದಾಸವಾಳದ ಕಡ್ಡಿಗಳೆಲ್ಲ ಯಾರ್ಯಾರದೋ ಮದುವೆ ಮನೆಯಿಂದ, ಆ ಬಿಳಿ ಸಂಪಿಗೆ ಎಲ್ಲಿಂದ ಬಂತು ಅನ್ನುವುದನ್ನು ನಾವಿಬ್ಬರೂ ಬಾಯಿ ಬಿಡುವ ಹಾಗಿಲ್ಲ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅಂತ ನಿನ್ನ ಅಮ್ಮ ಒಮ್ಮೆ ಹೇಳಿದ್ದನ್ನು ಶಾಸ್ತ್ರದ ಹಾಗೆ ಪಾಲಿಸಿದವನು ನೀನು. ಇಲ್ಲಿ ಒಂದೆಲಗವನ್ನೂ ಕವರಿಗೆ ಹಾಕಿ ಮೂವತ್ತು ರೂಪಾಯಿ ಹೇಳುತ್ತಾರೆ. ನಾನು ಚೌಕಾಸಿ ಮಾಡಿ ಇಪ್ಪತ್ತೈದಕ್ಕೆ ತಂದು, ಮನೆಯಲ್ಲಿ ಗೆದ್ದವನ ಹಾಗೆ ಹೇಳಿಕೊಳ್ಳುತ್ತೇನೆ.

ಆದರೂ ಕೊಳ್ಳುವುದರಲ್ಲೂ ಒಂದು ವಿದ್ಯೆ ಇದೆ ಮಾರಾಯ, ಕಳೆದುಕೊಂಡು ಕಲಿತದ್ದು. ಮೈತುಂಬ ಹೂ ಬಿಟ್ಟ ಗಿಡ ಮುಟ್ಟಬಾರದು. ಅದು ತನ್ನ ಕೆಲಸವನ್ನೆಲ್ಲ ನರ್ಸರಿಯವನಿಗೇ ಮಾಡಿಕೊಟ್ಟು ಮುಗಿಸಿರುತ್ತದೆ. ಮೊಗ್ಗಿನದನ್ನು ತರಬೇಕು. ಎಲೆ ಮಗುಚಿ ನೋಡಬೇಕು. ನರದ ಪಕ್ಕ ಹತ್ತಿಯ ಚೂರಿನ ಹಾಗೆ ಬೆಳ್ಳಗೆ ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ, ಒಂದು ಗಿಡದ ಜೊತೆ ಮನೆಗೆ ಬಂದು ಹತ್ತು ಗಿಡ ತಿನ್ನುತ್ತದೆ. ಗೋದಾವರಿ ದಂಡೆಯ ನರ್ಸರಿಗಳ ಊರು ಕಡಿಯಂನಿಂದ ಗಿಡದ ಲಾರಿ ಬಂದ ದಿನವೇ ಕೊಳ್ಳಲು ಓಡಬಾರದು. ಎಂಟು ದಿನ ಅಲ್ಲೇ ಎಲೆ ಉದುರಿಸಿಕೊಂಡು ಮತ್ತೆ ಚಿಗುರಿದ್ದನ್ನು ಆರಿಸಬೇಕು, ಬದುಕುವ ಜಾತಿ ಅದು. ಪುಣೆ ಗುಲಾಬಿಯ ಬೇರಿಗೆ ಮೆತ್ತಿದ ಅಂಟು ಮಣ್ಣಿನ ಉಂಡೆ ಇರುತ್ತದಲ್ಲ, ಅದನ್ನು ಬಕೆಟ್ ನೀರಿನಲ್ಲಿ ನೆನೆಸಿ ಮೆತ್ತಗೆ ಬಿಡಿಸದೆ ನೆಟ್ಟು ಎಷ್ಟು ಗಿಡ ಕೊಂದೆನೋ. ಇಷ್ಟೆಲ್ಲ ಪರೀಕ್ಷೆ ಮಾಡುತ್ತಾ ನಿಂತರೆ ಇವಳು, "ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ಬಿಟ್ಟು ಬೇರೇನೂ ನೋಡಿರಲಿಲ್ಲ ಇವರು" ಅಂತ ನರ್ಸರಿ ಹುಡುಗನಿಗೆ ಹೇಳುತ್ತಾಳೆ.

ಆ ಇವಳೇ ಯುಗಾದಿಯ ಹೊತ್ತಿಗೆ ಒಂದು ಮಾತು ಅಂದಳು. ಜನವರಿಯಲ್ಲಿ ಮಗಳ ಮನೆಗೆ ಹೋದಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ, ವಾಪಸು ಬರುವಾಗ ಎರಡು ಕೈಲೂ ಪೆಟೂನಿಯಾ ಹಿಡಿದು ಬಸ್ಸು ಹತ್ತಿದ್ದೆ. ಬೇಸಿಗೆ ಬಿಸಿಲಿಗೆ ಎಲ್ಲ ಒಣಗಿ ಹುಲ್ಲಾಯಿತು. ಖಾಲಿ ಕುಂಡಗಳನ್ನು ಮಗುಚುತ್ತಿದ್ದವಳು ತಲೆ ಎತ್ತದೆ, "ಮೂರು ವರ್ಷದಿಂದ ನೋಡ್ತಿದೀನಿ, ಬರೀ ಮೂರು ತಿಂಗಳ ಗಿಡಾನೇ ತರ್ತೀರಲ್ಲ" ಅಂದಳು. ನಾನು ಬಣ್ಣ, ವೆರೈಟಿ ಅಂತ ಏನೋ ಹೇಳಿದೆ. ಆಮೇಲೆ ಒಬ್ಬನೇ ಕೂತು ಲೆಕ್ಕ ಹಾಕಿದೆ. ಚೆಂಡು ಹೂ, ಸೇವಂತಿಗೆ, ಪೆಟೂನಿಯಾ, ಬಾಲ್ಸಂ, ಮತ್ತೆ ಚೆಂಡು ಹೂ. ಹಿತ್ತಲ ಮೂಲೆಯಲ್ಲಿ ಒಂದು ಮರ ಹಿಡಿಯುವಷ್ಟು ಜಾಗ ಹಾಗೇ ಬಿದ್ದಿದೆ. ಕೇಳಿದವರಿಗೆ ಇನ್ನೊಂದು ಸಂಪು ತೋಡಿಸಬೇಕು ಅನ್ನುತ್ತೇನೆ. ಇರುವ ಸಂಪೇ ತುಂಬುವುದಿಲ್ಲ.

ಈಗ ನರ್ಸರಿಗೆ ಬರೋಣ. ಯಾಕೆ ಹೋಗಿದ್ದೆ ಅನ್ನುವುದನ್ನು ಇನ್ನೊಂದು ನಿಮಿಷ ತಡೆದು ಹೇಳುತ್ತೇನೆ.

"ಹಲಸಿನ ಗಿಡ ಇದೆಯೇನಪ್ಪಾ?" ಅಂದೆ. ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಕಿವಿಗೆ ಇಯರ್‌ಫೋನು. ಸೀದಾ ಕರೆದುಕೊಂಡು ಹೋಗಿ ಸಿದ್ದು ಹಲಸಿನ ಸಾಲು ತೋರಿಸಿದ. ಅದರ ಕಥೆ ನಿನಗೆ ಗೊತ್ತಿರುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟದ ಒಂದೇ ಮರದಿಂದ ಹೊರಟ ತಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಕಸಿ ಗಿಡ ಎಲ್ಲ ಕಡೆ ಹರಡಿತು. ತಾಮ್ರಗೆಂಪು ತೊಳೆ, ಹಣ್ಣು ಎರಡೂವರೆ ಕೇಜಿ ಆಸುಪಾಸು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹೇಳಿ ಮಾಡಿಸಿದ ಹಲಸು. ಕೊಡಲಿ ತಂದು, ಗೋಣಿ ಹಾಸಿ, ಕೈಗೆಲ್ಲ ಎಣ್ಣೆ ಬಳಿದುಕೊಂಡು ಬೀದಿಗೆಲ್ಲ ಹಂಚುವ ಹಂಗೇ ಇಲ್ಲ.

"ಕಸಿದು ಬೇಡ. ಬೀಜದ್ದು ಬೇಕು" ಅಂದೆ.

ಹುಡುಗ ಒಂದು ಇಯರ್‌ಫೋನು ತೆಗೆದ. "ಬೀಜದ್ದಾ? ಎಲ್ಲರೂ ಕಸೀನೇ ಕೇಳೋದು ಅಂಕಲ್."

"ಬೀಜದ್ದೇ. ಮೂರು ವರ್ಷ ವಯಸ್ಸಿನದು. ನನ್ನ ಎತ್ತರ ಇದ್ದರೆ ಒಳ್ಳೆಯದು."

ಅವನು ನನ್ನ ಎತ್ತರ ನೋಡಲಿಲ್ಲ. ತಲೆ ನೋಡಿದ. ತುಂಬ ಮರ್ಯಾದೆಯಿಂದ, ಅಂಗಡಿಯವರು ಷುಗರ್ ಇದ್ದವರಿಗೆ ಬೆಲ್ಲದ ಬದಲು ಬೇರೆ ತೋರಿಸುತ್ತಾರಲ್ಲ ಆ ದನಿಯಲ್ಲಿ, "ಬೀಜದ್ದಾದ್ರೆ ಕಾಯಿಗೆ ಏಳೆಂಟು ವರ್ಷ ಹಿಡಿಯುತ್ತೆ ಅಂಕಲ್. ಕಸಿದು ಮೂರ್ನಾಲ್ಕು ವರ್ಷಕ್ಕೇ ಬರುತ್ತೆ. ನಿಮಗೆ ಕಸಿದೇ ಸರಿ" ಅಂದ.

ನಿಮಗೆ ಕಸಿದೇ ಸರಿ. ಸ್ಕೂಟರಿನಲ್ಲಿ ಮನೆ ಮುಟ್ಟುವವರೆಗೂ ಅದೊಂದೇ ವಾಕ್ಯ ತಲೆಯಲ್ಲಿ.

ಶೀನ, ಈಗ ಹೇಳುತ್ತೇನೆ. ಮೂರು ವರ್ಷದ ಹಿಂದೆ, 2022ರ ಜೂನಿನಲ್ಲಿ, ನಿಮ್ಮ ಕೊಟ್ಟಿಗೆ ಹಿಂದಿನ ಚಂದ್ರಬಕ್ಕೆ ಹಲಸಿನ ಹನ್ನೆರಡು ಬೀಜ ಕಳಿಸಿದ್ದೆಯಲ್ಲ, ಕೆಮ್ಮಣ್ಣು ಮೆತ್ತಿ, ಪೇಪರಿನಲ್ಲಿ ಸುತ್ತಿ, ಮೇಲೆ "ಅಡ್ಡ ಮಲಗಿಸಿ ಹಾಕು, ನಿನ್ನ ಹಾಗೆ" ಅಂತ ಬರೆದು. ನಾನು ಹಾಕಲಿಲ್ಲ ಮಾರಾಯ. ಒಂದನ್ನೂ ಹಾಕಲಿಲ್ಲ. ಟಿವಿ ಕೆಳಗಿನ ಡ್ರಾಯರಿನಲ್ಲಿಟ್ಟೆ, ಇವತ್ತು ನಾಳೆ ಅಂದೆ. ಹಲಸಿನ ಬೀಜ ಒಣಗಿದರೆ ಮುಗಿಯಿತು, ಮತ್ತೆ ಮೊಳೆಯುವುದಿಲ್ಲ ಅನ್ನುವುದು ಗೊತ್ತಿದ್ದೂ ಇಟ್ಟೆ. ತಿಂಗಳು ಕಳೆದ ಮೇಲೆ ನಾನೇ ತೆಗೆದು ಅಡುಗೆಮನೆಗೆ ಕೊಟ್ಟೆ. ಮಂಗಳೂರು ಸೌತೆಕಾಯಿ ಸೇರಿಸಿ ಹುಳಿ ಮಾಡಿದಳು. ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ಎರಡು ಸಲ ಬಡಿಸಿಕೊಂಡೆ.

ಅಲ್ಲಿಗೆ ಮುಗಿದಿದ್ದರೆ ಒಂದು ತಪ್ಪು. ನೀನು ಫೋನು ಮಾಡಿ "ಮೊಳೆಯಿತಾ?" ಅಂದೆ. "ಎರಡು ಬಂದಿದೆ" ಅಂದೆ. ಯಾಕೆ ಎರಡು ಅಂದೆನೋ. ಎಲ್ಲ ಬಂದಿದೆ ಅಂದರೆ ಸುಳ್ಳು ಅನಿಸುತ್ತದೆ ಅಂತ ಇರಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವನಿಗೆ ಅಂಕಿ ನಂಬಿಸುವುದು ಗೊತ್ತು. ಮರುವರ್ಷ ಒಂದು ಸತ್ತಿತು ಅಂದೆ. ನೀನು ಅಯ್ಯೋ ಅಂದೆ, ಇಲ್ಲದ ಗಿಡಕ್ಕೆ. ಫೋಟೋ ಕಳಿಸು ಅಂದಾಗ ಪಕ್ಕದ ಸೈಟಿನಲ್ಲಿ ತಾನಾಗಿ ಎದ್ದಿದ್ದ ಒಂದು ಹಲಸಿನ ಸಸಿಯದ್ದು ತೆಗೆದು ಕಳಿಸಿದೆ. ನೀನೇನು ಉತ್ತರ ಬರೆದೆ ನೆನಪಿದೆಯಾ? "ಥೇಟ್ ನಮ್ಮ ಮರದ್ದೇ ಎಲೆ. ಅಮ್ಮನಿಗೂ ತೋರಿಸಿದೆ." ಆ ಮೆಸೇಜು ಇನ್ನೂ ಅಳಿಸಿಲ್ಲ.

ಹೋದ ವರ್ಷ ರಸ್ತೆ ಅಗಲವಾಗಿ ಆ ಮರ ಹೋಯಿತು. ನೀನು ಹೆಚ್ಚು ಹೇಳಲಿಲ್ಲ, "ನಿನ್ನ ಹತ್ತಿರ ಒಂದಿದೆಯಲ್ಲ ಬಿಡು" ಅಂದೆ ಅಷ್ಟೇ. ಈಗ ದೀಪಾವಳಿಗೆ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಗಿಡ ನೋಡಬೇಕಂತೆ ಅವಳಿಗೆ, ಅಂತ ಹೇಳಿದ್ದೀಯ. ನರ್ಸರಿಗೆ ಹೋದದ್ದು ಅದಕ್ಕೆ. ಕಸಿ ಯಾಕೆ ಬೇಡ ಅಂದೆ ಗೊತ್ತಾಯಿತಲ್ಲ. ಬುಡದಲ್ಲಿ ಗಂಟು ಇರುತ್ತದೆ, ನಿನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಯಾಕೆ ಹಾಕಲಿಲ್ಲ ಅಂತ ಕೇಳುತ್ತೀಯ. ಬಿಡುವಿರಲಿಲ್ಲ ಅನ್ನಬಹುದು, ಸುಳ್ಳು. ಹಲಸಿನಲ್ಲಿ ಪರಾಗ ಬೇರೆ ಮರದಿಂದಲೂ ಬರುತ್ತದೆ, ಕೆಂಪು ತೊಳೆಯ ಬೀಜ ಹಾಕಿದರೆ ಕೆಂಪೇ ಬರುತ್ತದೆ ಅಂತಿಲ್ಲ, ಗಟ್ಟಿ ತೊಳೆಯ ಬಕ್ಕೆಯದ್ದು ಮೆತ್ತನೆ ತೊಳೆಯ ಅಂಬಲಿ ಆಗಿಬಿಡಬಹುದು, ಹಾಕಿ ಏನು ಪ್ರಯೋಜನ ಅನ್ನಬಹುದು. ನಿಜವೇ, ಆದರೆ ಅದು ನನಗೆ ಗೊತ್ತಾದದ್ದು ಹುಳಿ ಉಂಡ ಮೇಲೆ. ಅಸಲು ಸಂಗತಿ ಏನೆಂದರೆ, ಆ ಪೊಟ್ಟಣ ಬಂದ ದಿನ ಕೈಯಲ್ಲಿ ಹಿಡಿದು ಕೂಡಿಸಿದೆ. ನನಗಾಗ ಐವತ್ತಾರು. ಎಂಟು ಸೇರಿಸಿದರೆ ಅರವತ್ತನಾಲ್ಕು. ಅಪ್ಪ ಅರವತ್ತೆರಡಕ್ಕೆ ಹೋದದ್ದು. ಅಣ್ಣ ಅರವತ್ತೊಂದಕ್ಕೆ, ಬೆಳಗಿನ ಕಾಫಿ ಲೋಟ ಕೈಲಿರುವಾಗಲೇ. ಅರವತ್ತನಾಲ್ಕು ಅನ್ನುವ ಊರಿಗೆ ನಮ್ಮ ಮನೆಯ ಗಂಡಸರು ಯಾರೂ ಹೋಗಿಲ್ಲ. ಕೂಡಿಸಿದ್ದು ಅಷ್ಟೇ. ಆಮೇಲೆ ಪೊಟ್ಟಣ ಡ್ರಾಯರಿಗೆ ಹೋಯಿತು. ಆವತ್ತಿನಿಂದ ನಾನು ಚೆಂಡು ಹೂ ಹಾಕುವ ಮನುಷ್ಯನಾದೆ, ಅದನ್ನು ಅಭಿರುಚಿ ಅಂದುಕೊಂಡೆ.

ಆ ಹುಚ್ಚು ಎಲ್ಲಿಯವರೆಗೆ ಹೋಯಿತು ಕೇಳು. ಲಾಲ್‌ಬಾಗಿನಲ್ಲಿ ಜನ 1889ರ ಗಾಜಿನ ಮನೆಯೆದುರು ಸೆಲ್ಫಿ ತೆಗೆಯುತ್ತಿದ್ದರೆ ನಾನು ತೋಟ ಮಾಡಿದವರ ವಯಸ್ಸು ಲೆಕ್ಕ ಹಾಕುತ್ತಿದ್ದೆ. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿಸಿದಾಗ ಅವನಿಗೆ ನಲವತ್ತರ ಆಸುಪಾಸು, ಆಮೇಲೂ 22 ವರ್ಷ ಬದುಕಿದ. ಮಾವು ಹಾಕಿದ್ದರೂ ತಿಂದೇ ಹೋಗಿರುತ್ತಾನೆ. ಕ್ರುಂಬಿಗಲ್ 1908ರಲ್ಲಿ ಅಲ್ಲಿಗೆ ಬಂದಾಗ ನಲವತ್ತೆರಡು. ತಿಂಗಳಿಗೊಂದು ಜಾತಿ ಹೂ ಬಿಡುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ ಮನುಷ್ಯ ಅವನು, 1956ರಲ್ಲಿ ಅಲ್ಲೇ ತೀರಿಕೊಂಡಾಗ ತೊಂಬತ್ತು. ಓದಿ ಸ್ವಲ್ಪ ಧೈರ್ಯ ಬಂತು. ಆಮೇಲೆ ಅವನು ಜರ್ಮನಿಯವನು, ನಮ್ಮ ಮನೆತನದವನಲ್ಲ ಅನ್ನುವುದು ನೆನಪಾಯಿತು.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಬಿಪಿ ನಾರ್ಮಲ್ ಇದೆ, ಕೊಲೆಸ್ಟ್ರಾಲ್ ನಿನ್ನದಕ್ಕಿಂತ ಕಮ್ಮಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಪಿಯುಸಿಯಿಂದಲೂ ಇದೆ. ಅತ್ತಿಗೆಗೆ ಓದಿ ಹೇಳಿ ರಾತ್ರಿ ಬಸ್ಸು ಹತ್ತಿಸಬೇಡ. ಇಲ್ಲಿ ಕೆಳಗೆ ಯಾರೂ ಮೃತ್ಯುಂಜಯ ಮಂತ್ರ ಬರೆದು ಕೈ ಮುಗಿಯಬೇಡಿ, ದಮ್ಮಯ್ಯ.

ಗಿಡದ ವಿಚಾರ ಮುಗಿಸುತ್ತೇನೆ. ಕಸಿ ಬೇಡ ಅಂತ ಹಟ ಹಿಡಿದು ನಿಂತವನನ್ನು ಹುಡುಗ ನರ್ಸರಿಯ ಹಿಂಬದಿಗೆ, ಗೊಬ್ಬರದ ಗುಡ್ಡೆ ಹತ್ತಿರ ಕರೆದುಕೊಂಡು ಹೋದ. ಒಡೆದ ಕುಂಡಗಳ ನಡುವೆ ಒಂದು ಹಲಸಿನ ಸಸಿ, ನನ್ನ ಎದೆ ಮಟ್ಟ. ಕೆಲಸದವರು ಹಣ್ಣು ತಿಂದು ಎಸೆದ ಬೀಜ ಹರಿದ ಕವರೊಂದಕ್ಕೆ ಬಿದ್ದು ಎದ್ದದ್ದಂತೆ. ಬೇರು ಕವರಿನ ತಳ ಹರಿದು ನೆಲಕ್ಕಿಳಿದಿತ್ತು. ಅವನು ಗುದ್ದಲಿಯಲ್ಲಿ ಸುತ್ತ ಕಡಿದು ಮಣ್ಣಿನ ಹೆಂಟೆ ಸಮೇತ ಎತ್ತಿ ಗೋಣಿಚೀಲದಲ್ಲಿ ಕಟ್ಟಿದ. ಎಷ್ಟು ಅಂದೆ. "ಇದು ಮಾರೋದಲ್ಲ ಅಂಕಲ್" ಅಂದ. ಬರಿಗೈಲಿ ತರಲು ಮುಜುಗರವಾಗಿ ಮುನ್ನೂರೈವತ್ತು ಕೊಟ್ಟು ಒಂದು ಸಿದ್ದುವನ್ನೂ ಕೊಂಡೆ. ಅದು ಈಗ ಟೆರೇಸಿನ ದೊಡ್ಡ ಡ್ರಮ್ಮಿನಲ್ಲಿದೆ, ಮೊನ್ನೆ ಕಸಿ ಗಂಟಿನ ಕೆಳಗೆ ಒಂದು ಚಿಗುರು ಎದ್ದಿತ್ತು, ಚಿವುಟಿ ಹಾಕಿದೆ.

ಇನ್ನೊಂದನ್ನು ಸಂಪಿನ ಜಾಗಕ್ಕೆ ಹಾಕಿದ್ದೇನೆ. ಬೇರು ಕಡಿದ ಪೆಟ್ಟಿಗೆ ಮೂರು ದಿನಕ್ಕೆ ಎಲೆಯೆಲ್ಲ ಜೋತು ಬಿತ್ತು, ಅರ್ಧ ಉದುರಿತು. ನಿನ್ನೆ ಸಂಜೆ ಟಾರ್ಚು ಹಿಡಿದು ನೋಡಿದೆ. ತುದಿಯ ಮೊಗ್ಗು ಇನ್ನೂ ಹಸಿರಿದೆ. ಬಕ್ಕೆಯೋ ಅಂಬಲಿಯೋ, ಕೆಂಪೋ ಬಿಳಿಯೋ, ಯಾರ ಹಿತ್ತಲಿನ ಹಣ್ಣೋ, ಅರವತ್ತೇಳಕ್ಕೆ ತಿಳಿಯುತ್ತದೆ. ಅಮ್ಮ ಬಂದಾಗ ಏನು ಹೇಳುವುದು ಅನ್ನುವುದನ್ನು ನೀನೇ ತೀರ್ಮಾನ ಮಾಡು, ನನ್ನ ಸುಳ್ಳಿನ ಖಾತೆಯಲ್ಲಿ ಬ್ಯಾಲೆನ್ಸಿಲ್ಲ. ನೀನು ಬೀಜ ಕೊಟ್ಟ ಮಿಕ್ಕವರನ್ನೂ ಒಮ್ಮೆ ವಿಚಾರಿಸು. ಫೋಟೋ ಕಳಿಸಿದರೆ ನಂಬಬೇಡ, ವಿಡಿಯೋ ಕಾಲ್ ಮಾಡು.

ಪಕ್ಕದ ಸೈಟಿನ ಮೇಡಂ ಕೂಡ ಇಲ್ಲಿ ಓದುತ್ತಾರೆ ಅನ್ನುವುದು ಈಗ ಹೊಳೆಯಿತು. ನಮಸ್ಕಾರ ಮೇಡಂ. ಫೋಟೋ ತೆಗೆದದ್ದು ಕಾಂಪೌಂಡಿನ ಈಚೆಯಿಂದಲೇ.

ನಿನ್ನ,
ಅಡ್ಡ ಮಲಗಿದವ